ಹದಿಮೂರು ಗಂಟಿನ ಕೆಂಪು ದಾರ

ಹನೀಯಾಳ ಎದೆಹಾಲನ್ನು ಮೊದಲು ಕುಡಿದದ್ದು ಮನುಷ್ಯರ ಮಗುವಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆತ್ತ ಗಂಡುಕೂಸು ಉಸಿರೇ ಇಲ್ಲದೆ ಹುಟ್ಟಿತು. ಗಂಡಸರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮರಳ ದಿಬ್ಬದ ಆಚೆಗೆ ಒಯ್ದರು. ಮೂರನೆಯ ದಿನಕ್ಕೆ ಹಾಲು ಇಳಿಯಿತು. ಹದಿನೇಳರ ಹುಡುಗಿ, ಎದೆ ಕಲ್ಲಾಗಿ, ಜ್ವರ ಏರಿ, ಗುಡಾರದ ಕಂಬಕ್ಕೆ ಮುಖಮಾಡಿ ಮಲಗಿದ್ದಳು. ಅದೇ ವಾರ ಅತ್ತೆ ಸಾಕಿದ್ದ ಸ್ಲೂಗಿ ಹೆಣ್ಣು ಮರಿ ಹಾಕಿ, ನಾಲ್ಕನೆಯ ದಿನ ಹಾವು ಕಚ್ಚಿ ಸತ್ತಿತ್ತು. ಮರಿಗಳಲ್ಲಿ ಒಂದೇ ಒಂದು ಉಳಿದಿತ್ತು. ಅತ್ತೆ ಹೆಚ್ಚು ಮಾತಿನವಳಲ್ಲ. ಕಣ್ಣು ತೆರೆಯದ ಆ ಮರಿಯನ್ನು ತಂದು ಸೊಸೆಯ ಶಾಲಿನೊಳಗೆ ಇಟ್ಟಳು.

"ಕುಡಿಸು. ನಿನಗೂ ಹಗುರ, ಅದಕ್ಕೂ ಜೀವ."

ನಮ್ಮ ಕಡೆ ಇದು ಹೊಸದೇನಲ್ಲ. ಸ್ಲೂಗಿ ಅಂದರೆ ತೆಳುಮೈಯ, ಗಾಳಿವೇಗದ ಬೇಟೆನಾಯಿ, ಆದರೆ ಅದನ್ನು ನಾವು ನಾಯಿ ಅನ್ನುವುದಿಲ್ಲ. ನಾಯಿ ಅಂದರೆ ಬೀದಿಯದು, ಮುಟ್ಟಿದರೆ ಕೈ ತೊಳೆಯಬೇಕಾದದ್ದು. ಸ್ಲೂಗಿಯಾದರೆ ಗುಡಾರದೊಳಗೆ ಮಕ್ಕಳ ಜೊತೆ ಚಾಪೆಯ ಮೇಲೆ ಮಲಗುತ್ತದೆ, ಚಳಿಯಾದರೆ ಅದಕ್ಕೂ ಒಂದು ಕಂಬಳಿ ಹೊದಿಸುತ್ತೇವೆ, ಅದು ಹಿಡಿದು ತಂದ ಮೊಲವನ್ನು ಯಾವ ತಕರಾರೂ ಇಲ್ಲದೆ ತಿನ್ನುತ್ತೇವೆ. ಆದರೂ ಮರಿಗೆ ಎದೆ ಕೊಟ್ಟವಳು ನಮ್ಮೂರು ಬಿರ್ ತಲ್ಹಾದಲ್ಲಿ ಹನೀಯಾ ಒಬ್ಬಳೇ ಉಳಿದಿದ್ದಾಳೆ. ಉಳಿದ ಮುದುಕಿಯರೆಲ್ಲ ಹೋದರು. ಆಮೇಲೆ ಅವಳಿಗೆ ಎರಡು ಹೆಣ್ಣುಮಕ್ಕಳಾದವು, ಬೆಳೆದವು, ಒಬ್ಬಳು ಕೆಬಿಲಿಗೂ ಒಬ್ಬಳು ಗಾಬೆಸ್‌ಗೂ ಲಗ್ನವಾಗಿ ಹೋದರು. ಮರಿಯ ವಂಶ ಮಾತ್ರ ಮನೆಯಲ್ಲೇ ಇತ್ತು. ಆ ಮರಿಯ ಮಗಳು, ಮಗಳ ಮಗಳು, ಹೀಗೆ ಎಂಟನೆಯ ತಲೆ ಶೀಹಾ. ಮರಳುಗಾಡಿನ ಶೀಹ್ ಗಿಡದ ಬೂದು ಬಣ್ಣ ಬೆನ್ನ ಮೇಲೆ ಇದ್ದುದಕ್ಕೆ ಆ ಹೆಸರು. "ಹನೀಯಾಳ ಹಾಲುಮೊಮ್ಮಗಳು" ಎಂದು ಊರವರು ನಗುತ್ತಿದ್ದರು. ಹನೀಯಾ ನಗುತ್ತಿರಲಿಲ್ಲ. ಅವಳ ಪಾಲಿಗೆ ಅದು ನಿಜವೇ ಆಗಿತ್ತು.

ಹನೀಯಾ ಓದಿದವಳಲ್ಲ, ಆದರೆ ಸ್ಲೂಗಿ ಹೆಣ್ಣುಗಳ ದಿನ ಎಣಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಬೆದೆಗೆ ಬಂದ ಹೆಣ್ಣು ಮಲಗಿದ ಜಾಗದಲ್ಲಿ ರಕ್ತದ ಮೊದಲ ಹನಿ ಕಂಡ ಬೆಳಿಗ್ಗೆ, ಮಗ್ಗದಲ್ಲಿ ಮಿಕ್ಕ ಕೆಂಪು ಉಣ್ಣೆದಾರವನ್ನು ಮೊಳದುದ್ದ ಕತ್ತರಿಸಿ ಒಂದು ಗಂಟು ಹಾಕುತ್ತಿದ್ದಳು. ದಿನಕ್ಕೊಂದು ಗಂಟು. ದಾರ ಮಗ್ಗದ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ತೂಗುತ್ತಿತ್ತು. ಏಳೆಂಟು ಗಂಟಿನವರೆಗೆ ರಕ್ತ ಕಡುಗೆಂಪು, ಹೆಣ್ಣಿಗೆ ಸಿಟ್ಟು, ಯಾವ ಗಂಡನ್ನೂ ಹತ್ತಿರ ಸೇರಿಸುವುದಿಲ್ಲ. ಒಂಬತ್ತು ದಾಟಿದ ಮೇಲೆ ಬಣ್ಣ ತಿಳಿಯಾಗಿ ದಾಳಿಂಬೆ ಸಿಪ್ಪೆ ನೆನೆಸಿದ ನೀರಿನಂತಾಗುತ್ತದೆ. ಆಗ ಹನೀಯಾ ಸೊಂಟದ ಕೆಳಗೆ ಎರಡು ಬೆರಳು ಒತ್ತಿ ನೋಡುತ್ತಿದ್ದಳು. ಬಾಲ ಪಕ್ಕಕ್ಕೆ ಸರಿದರೆ ಗಂಡು ಕೊಡಿಸುವ ಹೊತ್ತು ಬಂತು. ಹನ್ನೊಂದಕ್ಕೊಂದು ಸಲ, ಹದಿಮೂರಕ್ಕೊಂದು ಸಲ. ಅಲ್ಲಿಂದ ಅರವತ್ತೆರಡೋ ಮೂರೋ ಗಂಟಿಗೆ ಮರಿ. ಗಂಡು ಕೊಡಿಸದಿದ್ದರೂ ಅವಳು ದಾರ ಬಿಡುತ್ತಿರಲಿಲ್ಲ. ಯಾಕೆಂದರೆ ಗಬ್ಬ ಕಟ್ಟಲಿ ಬಿಡಲಿ, ಹೆಣ್ಣಿನ ಮೈಗೆ ಆ ಎರಡು ತಿಂಗಳ ಲೆಕ್ಕ ಒಂದೇ. ಮರಿಯಿಲ್ಲದ ಹೆಣ್ಣೂ ಕೊನೆಗೆ ಮೂಲೆ ಕೆದರುತ್ತದೆ, ಕೆಲವಕ್ಕೆ ಹಾಲೂ ತೊಟ್ಟಿಕ್ಕುತ್ತದೆ.

ಈ ಲೆಕ್ಕವನ್ನು ಮನೆಯ ಯಜಮಾನನಿಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿಲ್ಲ. ಅದು ಹಿರಿಯರ ಕಾಲದಿಂದ ಬಂದದ್ದು. ಕಣ್ಣು ತಾಗುತ್ತದೆ ಎಂಬುದೊಂದು. ಹಗೆಯವನು ಬೇಕೆಂದೇ ಬೀದಿಯ ಗಂಡನ್ನು ಗೋಡೆ ಹಾರಿಸಿಯಾನು ಎಂಬುದು ಇನ್ನೊಂದು. ಗಂಡಿನ ಮನೆಯವರಿಗೆ ತಿಳಿಸಬೇಕಾದರೂ ಬಾಯಿ ಬಿಡುವುದಿಲ್ಲ. ಬಟ್ಟೆಯಲ್ಲಿ ಒಂದು ಹಿಡಿ ಖರ್ಜೂರ ಕಟ್ಟಿ ಕಳಿಸಿದರೆ ಅವರಿಗೆ ಗೊತ್ತಾಗುತ್ತದೆ. ಉಳಿದ ಯಾರು ಕೇಳಿದರೂ ಒಂದೇ ಉತ್ತರ: "ಇನ್ನೂ ಇಲ್ಲಪ್ಪ, ಬರೋ ತಿಂಗಳು ನೋಡ್ಬೇಕು." ಅದನ್ನು ಸುಳ್ಳು ಎಂದು ಯಾರೂ ಎಣಿಸುವುದಿಲ್ಲ. ತೋಟಕ್ಕೆ ಗರಿಯ ಬೇಲಿ ಹೇಗೋ ಹಾಗೆ ಅದೂ ಒಂದು ಬೇಲಿ. ಹನೀಯಾ ನಲವತ್ತು ವರ್ಷ ಆ ಮಾತನ್ನು ಸಲಾಮು ಹೇಳಿದಷ್ಟೇ ಸಲೀಸಾಗಿ ಹೇಳಿಕೊಂಡು ಬಂದಿದ್ದಳು.

ಶೀಹಾಳ ತಾಯಿ ನಜ್ಮಾಳ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಜ್ಮಾಳ ನಾಲ್ಕನೆಯ ಬೆದೆಯ ಹೊತ್ತಿಗೆ ಹನೀಯಾ ಕೆಬಿಲಿಯ ಮಗಳ ಬಾಣಂತನಕ್ಕೆ ಹೋಗಿದ್ದಳು. ಗುಡಾರ ಬಿಟ್ಟು ಕಟ್ಟಿಕೊಂಡ ಮನೆಯ ಅಂಗಳದ ತಗಡಿನ ಬಾಗಿಲು ಗಾಳಿಗೆ ತೆರೆದುಕೊಂಡಿತ್ತು. ಬಾವಿಯ ಬಳಿ ಬಿದ್ದಿರುತ್ತಿದ್ದ ಕಿವಿ ಹರಿದ ಕಂತ್ರಿ ನಾಯಿಯೊಂದು ನಜ್ಮಾಳಿಗೆ ಕೂಡಿದ್ದನ್ನು ಹನೀಯಾಳ ಗಂಡ ಬೆಲ್ಗಾಸಿಂ ಕಣ್ಣಾರೆ ಕಂಡ. ನಮ್ಮಲ್ಲಿ ಒಂದು ನಂಬಿಕೆ ಇದೆ, ಅಥವಾ ಇತ್ತು ಅನ್ನೋಣ: ಸ್ಲೂಗಿ ಹೆಣ್ಣು ಒಂದು ಸಲ ಬೀದಿನಾಯಿಗೆ ಕೂಡಿದರೆ ಆ ಒಡಲು ಮತ್ತೆ ಶುದ್ಧವಾಗುವುದಿಲ್ಲ, ಮುಂದೆ ಎಂಥ ಗಂಡು ಕೊಡಿಸಿದರೂ ಮರಿಯಲ್ಲಿ ಬೀದಿಯ ರಕ್ತ ಇರುತ್ತದೆ. ಹನೀಯಾ ಹಿಂತಿರುಗುವಷ್ಟರಲ್ಲಿ ಬೆಲ್ಗಾಸಿಂ ನಜ್ಮಾಳನ್ನು ಹಗ್ಗ ಕಟ್ಟಿ ಮೂರನೆಯ ದಿಬ್ಬದಾಚೆಗೆ ಕರೆದುಕೊಂಡು ಹೋಗಿದ್ದ. ಹಗ್ಗ ಮಾತ್ರ ಮನೆಗೆ ಬಂತು. ಅವನು ಮೊಣಕೈವರೆಗೆ ತೊಳೆದುಕೊಂಡ, ಊಟ ಬೇಡವೆಂದ, ಮರುದಿನವೂ ಬೇಡವೆಂದ. ಹನೀಯಾ ಬಂದಾಗ ಹಗ್ಗ ಅಂಗಳದ ಗೂಟದಲ್ಲಿ ತೂಗುತ್ತಿತ್ತು. ಶೀಹಾ ಆಗ ಏಳು ತಿಂಗಳ ಮರಿ, ಬಾಗಿಲಲ್ಲಿ ಕೂತು ದಿಬ್ಬದ ಕಡೆಗೇ ನೋಡುತ್ತಿತ್ತು.

ಅದಾಗಿ ಎರಡು ವರ್ಷಕ್ಕೆ ಶೀಹಾಳ ಮೂರನೆಯ ಬೆದೆ. ಮೊದಲೆರಡನ್ನು ಎಳೆಮೈ ಎಂದು ಬಿಟ್ಟಿದ್ದರು. ಆ ಸಲ ಗಂಡು ಕೊಡಿಸಲೇಬೇಕೆಂದು ಬೆಲ್ಗಾಸಿಂ ಸಬ್ರಿಯಾದವರ ಗಂಡು ಸ್ಲೂಗಿಯನ್ನು ಮಾತಾಡಿ ಇಟ್ಟಿದ್ದ. ಆದರೆ ಮಳೆ ಬಿತ್ತು. ನಮ್ಮಲ್ಲಿ ಮಳೆ ಬಿದ್ದರೆ ಗಂಡಸರು ಒಂಟೆ ಹೊಡೆದುಕೊಂಡು ತೆಂಕಣಕ್ಕೆ ಹೊರಟೇಬಿಡುತ್ತಾರೆ, ಹಸಿರು ಇರುವಷ್ಟು ದಿನ ಬರುವುದಿಲ್ಲ. ಹೊರಡುವಾಗ ಬೆಲ್ಗಾಸಿಂ ಹೇಳಿದ್ದು ಇಷ್ಟೇ:

"ಬಾಗಿಲು ಭದ್ರ."

ಅವನು ಹೋಗಿ ಹನ್ನೆರಡು ದಿನಕ್ಕೆ ಮೊದಲ ಹನಿ ಬಿತ್ತು. ಹನೀಯಾ ದಾರ ಕತ್ತರಿಸಿದಳು. ಎಂಟನೆಯ ಗಂಟಿಗೆ ದೂಝ್ ಕಡೆ ಹೋಗುವ ಗಾಡಿಯವನ ಕೈಯಲ್ಲಿ ಸಬ್ರಿಯಾಕ್ಕೆ ಖರ್ಜೂರ ಕಳಿಸಿದಳು. ಹತ್ತನೆಯ ಗಂಟಿನ ದಿನ ಖರ್ಜೂರ ಕಟ್ಟು ಬಿಚ್ಚದೆ ಹಾಗೇ ವಾಪಸ್ಸು ಬಂತು. ಗಂಡಿನ ಮುಂಗಾಲು ಮುಳ್ಳುತಂತಿಗೆ ಸಿಕ್ಕಿ ಸೀಳಿಹೋಗಿದೆ, ಎದ್ದು ನಿಲ್ಲಲಾರದು ಎಂದು ಗಾಡಿಯವನು ಹೇಳಿದ. ಬೇರೆ ಮನೆಯ ಗಂಡನ್ನು ಯಜಮಾನನಿಲ್ಲದೆ ಹೆಂಗಸು ಒಪ್ಪಿಕೊಳ್ಳುವಂತಿಲ್ಲ.

ಅಷ್ಟರಲ್ಲಿ ಊರ ನಾಯಿಗಳಿಗೆ ವಾಸನೆ ಹತ್ತಿತ್ತು. ಅಂಗಳದ ಗೋಡೆಯ ಸುತ್ತ ಆರೇಳು ಕಂತ್ರಿಗಳು ಹಗಲಿಡೀ ಬಿದ್ದಿರುತ್ತಿದ್ದವು. ಹನೀಯಾ ಶೀಹಾಳ ಹಿಂಭಾಗವನ್ನು ಬೂದಿನೀರಲ್ಲಿ ತೊಳೆದಳು, ಬಟ್ಟೆ ಕಟ್ಟಿದಳು, ಒಳಕೋಣೆಗೆ ಹಾಕಿ ಬಾಗಿಲಿಗೆ ಅಡ್ಡ ಕೂತಳು. ಗಂಡನ ತಂಗಿ ಸಾದಿಯಾ ಪಕ್ಕದ ಮನೆಯವಳು, ನಾಲಿಗೆ ಸ್ವಲ್ಪ ಉದ್ದ. ಗೋಡೆಯ ಮೇಲಿಂದ ತಲೆ ಹಾಕಿದಳು.

"ಏನತ್ತಿಗೆ, ನಿಮ್ಮನೆ ಮುಂದೆ ಇಷ್ಟೊಂದು ಜನ ನೆಂಟರು? ಮದ್ವೆ ಗಿದ್ವೆ ಇದ್ಯಾ?"

"ನಿನ್ನೆ ಕುರಿಯ ಮೂಳೆ ಎಸೆದಿದ್ದೆ, ಅದಕ್ಕೆ ಬಂದಿವೆ."

"ಮೂಳೆಗೆ ಬಂದ ನಾಯಿ ಹಾಡು ಹೇಳಲ್ಲ ಅತ್ತಿಗೆ. ಆ ಕರಿಯ ನೋಡು, ಕಣ್ಣು ಮುಚ್ಕೊಂಡು ರಾಗ ಎಳೀತಾ ಇದ್ದಾನೆ."

"ಇನ್ನೂ ಇಲ್ಲ ಸಾದಿಯಾ. ಬರೋ ತಿಂಗಳು ನೋಡ್ಬೇಕು."

ಸಾದಿಯಾ ತುಟಿ ಕಚ್ಚಿ ನಕ್ಕಳು. ನಾದಿನಿಯೇ ಆದರೂ ಅವಳಿಗೂ ಹೇಳುವಂತಿಲ್ಲ. ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಕೇಳುವುದು ಅವಳ ಗುಣ. ಹೋಗುವ ಮೊದಲು ತಲೆ ತಿರುಗಿಸಿ, "ನಮ್ಮಣ್ಣನ ಹಗ್ಗ ಇನ್ನೂ ಗೂಟದಲ್ಲೇ ಇದೆ, ಹುಷಾರು" ಎಂದಳು. ತಮಾಷೆಗೇ ಅಂದದ್ದು. ಹನೀಯಾ ಮಾತ್ರ ಹೋಗಿ ತಗಡಿನ ಬಾಗಿಲಿನ ಅಗಳಿಯನ್ನು ಇನ್ನೊಮ್ಮೆ ನೋಡಿದಳು.

ಹನ್ನೆರಡನೆಯ ಗಂಟಿನ ದಿನ ಆ ಕರಿಯ ಗೋಡೆ ಹಾರಿ ಅಂಗಳಕ್ಕೇ ಬಂದ. ಹನೀಯಾ ರೊಟ್ಟಿ ಸುಡುವ ಕೋಲಲ್ಲಿ ಬಾರಿಸಿ ಓಡಿಸಿದಳು. ಒಳಗೆ ಶೀಹಾ ಬಾಗಿಲು ಪರಚುತ್ತಿದ್ದಳು, ಹೊರಗೆ ಹೋಗಲು. ಅವಳದೇನು ತಪ್ಪು, ಮೈ ಹೇಳಿದ್ದನ್ನು ಕೇಳುತ್ತಿದ್ದಳು. ಹನೀಯಾ ಗೂಟದ ಹಗ್ಗ ನೋಡಿದಳು. ಮರುದಿನ ಗುರುವಾರ, ದೂಝ್ ಸಂತೆ.

ಸಂತೆಯ ಪ್ರಾಣಿಗಳ ಮೈದಾನಕ್ಕೆ ಉತ್ತರದ ಕಡೆಯಿಂದ ಬಂದ ಡಾಕ್ಟರಮ್ಮ ಒಬ್ಬಳು ಪ್ರತಿ ಗುರುವಾರ ಬಿಳಿ ಗಾಡಿ ನಿಲ್ಲಿಸುತ್ತಿದ್ದಳು. ಇಬ್ತಿಸಾಮ್ ಎಂದು ಹೆಸರು. ಒಂಟೆ ಕಜ್ಜಿಗೆ, ಕುರಿ ಹುಳುವಿಗೆ ಔಷಧ ಕೊಡುತ್ತಿದ್ದಳು, ಬೆದೆ ತಡೆಯುವ ಸೂಜಿಯೂ ಅವಳಲ್ಲಿದೆ ಎಂದು ಹೆಂಗಸರು ಮಾತಾಡಿಕೊಂಡಿದ್ದರು. ಹನೀಯಾ ಬೆಳಗಿನ ಜಾವವೇ ಹದಿಮೂರನೆಯ ಗಂಟು ಹಾಕಿ, ಶೀಹಾಳನ್ನು ಇನ್ನೊಮ್ಮೆ ತೊಳೆದು, ಕಂಬಳಿಯಲ್ಲಿ ಸುತ್ತಿ, ಗಾಡಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋದಳು.

ಡಾಕ್ಟರಮ್ಮನ ಮುಂದೆ ಜನ ತುಂಬಿದ್ದರು. ಹನೀಯಾಳ ಸರದಿ ಬಂದಾಗ ಪಕ್ಕದಲ್ಲೇ ಅಮ್ಮಾರ್ ನಿಂತಿದ್ದ. ಅವನೂ ಬಿರ್ ತಲ್ಹಾದವನೇ. ಅವನದೂ ಸ್ಲೂಗಿ ಮನೆ, ಬೆಲ್ಗಾಸಿಂಗೂ ಅವನಿಗೂ ಹಳೆಯ ಮೇಲಾಟ. ಒಂದು ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು, ಕಿವಿ ಈ ಕಡೆಗೆ ಕೊಟ್ಟು ನಿಂತಿದ್ದ.

"ಏನಾಗ್ಬೇಕು ಖಾಲಾ?" ಎಂದು ಕೇಳಿದಳು ಡಾಕ್ಟರಮ್ಮ. ವಯಸ್ಸಾದ ಹೆಂಗಸರನ್ನೆಲ್ಲ ಅವಳು ಚಿಕ್ಕಮ್ಮ ಅಂದಹಾಗೆ ಖಾಲಾ ಎಂದೇ ಕರೆಯುತ್ತಿದ್ದಳು.

"ಇವಳಿಗೆ ಬೆದೆ ಬರದಂಗೆ ಒಂದು ಸೂಜಿ ಹಾಕು ಮಗಳೇ. ಯಜಮಾನ್ರು ಊರಲ್ಲಿಲ್ಲ. ಮುಂದಿನ ಸಲಕ್ಕೆ ನೋಡ್ಕೋತೀವಿ."

"ಹಾಕ್ಬಹುದು. ಆದ್ರೆ ಒಂದು ಮಾತು ಸರಿಯಾಗಿ ಹೇಳ್ಬೇಕು. ರಕ್ತ ಶುರುವಾಗಿದ್ಯಾ? ಶುರುವಾಗಿದ್ರೆ ಇದನ್ನ ಹಾಕೋ ಹಂಗಿಲ್ಲ, ಗರ್ಭಕೋಶಕ್ಕೆ ಕೇಡು. ಎಷ್ಟು ದಿನ ಆಯ್ತು?"

ಹನೀಯಾ ಬಾಯಿ ತೆರೆದಳು. ಅಮ್ಮಾರ್ ಕುರಿಯ ಕಿವಿ ತುರಿಸುತ್ತಿದ್ದ.

"ಏನು ಖಾಲಾ ಹನೀಯಾ," ಎಂದ, "ಹಾಲುಮೊಮ್ಮಗಳು ದೊಡ್ಡೋಳಾದ್ಲಾ? ನಮಗೂ ಒಂದ್ ಹಿಡಿ ಖರ್ಜೂರ ಬರ್ಬಹುದು ಅಂತ ಕಾಯ್ತಾ ಇದ್ದೀವಿ."

"ಇನ್ನೂ ಇಲ್ಲ," ಎಂದಳು ಹನೀಯಾ. "ಬರೋ ತಿಂಗಳು ನೋಡ್ಬೇಕು."

"ನಿಜ ತಾನೆ ಖಾಲಾ? ಸ್ವಲ್ಪ ಊದಿದ ಹಾಗಿದೆ," ಎಂದಳು ಡಾಕ್ಟರಮ್ಮ.

"ನಮ್ಮನೆ ಹೆಣ್ಣುಗಳೇ ಹಂಗೆ."

ಡಾಕ್ಟರಮ್ಮ ಬಾಲ ಎತ್ತಿ ನೋಡಿದಳು. ತೊಳೆದ ಮೈ, ರಕ್ತದ ಬಣ್ಣ ಹೇಗೂ ಮಾಸಿತ್ತು. ಹಿಂದಿನಿಂದ ಯಾರೋ ಬೇಗ ಬೇಗ ಎಂದು ಕೂಗುತ್ತಿದ್ದರು. ಉತ್ತರದ ಹುಡುಗಿ, ನಮ್ಮ ಬೇಲಿಯ ಮಾತು ಅವಳಿಗೆ ಹೇಗೆ ಗೊತ್ತಾಗಬೇಕು? ಕೇಳಿದ್ದಕ್ಕೆ ಉತ್ತರ ಬಂತು, ಸೂಜಿ ಏರಿಸಿದಳು. ಶೀಹಾ ಕುಂಯ್ ಎನ್ನಲಿಲ್ಲ. ಹನೀಯಾಳ ಮೊಣಕೈಗೆ ಮೂತಿ ಒತ್ತಿ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಹಿಂತಿರುಗಿ ಕಿವಿಯಲ್ಲಿ ನಿಜ ಹೇಳಿಬಿಡೋಣ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಮೈದಾನದ ಗೇಟಿನವರೆಗೂ ಬಂದು ಅರೆಗಳಿಗೆ ನಿಂತಳು. ಆದರೆ ಸೂಜಿ ಆಗಲೇ ಒಳಗೆ ಹೋಗಿತ್ತು. ಹೇಳಿ ಏನಾಗಬೇಕು ಅಂದುಕೊಂಡಳು. ಗಾಡಿ ಹತ್ತಿದಳು.

ನಾಲ್ಕೈದು ದಿನದಲ್ಲಿ ಕಂತ್ರಿಗಳು ಚದುರಿದವು. ಅಂಗಳ ನಿಶ್ಶಬ್ದವಾಯಿತು. ಹನೀಯಾ ಆ ರಾತ್ರಿಗಳಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದಳು, ಅದನ್ನು ನೆನೆದೇ ಮುಂದೆ ಅವಳಿಗೆ ಹೆಚ್ಚು ಸಂಕಟವಾಗುತ್ತಿತ್ತು. ಗಂಟು ಹಾಕುವುದನ್ನು ಮಾತ್ರ ಹದಿಮೂರಕ್ಕೇ ನಿಲ್ಲಿಸಿದಳು. ಸೂಜಿ ಹಾಕಿದ ಮೇಲೆ ಲೆಕ್ಕ ತನ್ನದಲ್ಲ ಎಂದು.

ತಿಂಗಳು ಕಳೆಯಿತು. ಶೀಹಾ ನೀರು ಕುಡಿಯತೊಡಗಿದಳು. ಒಂಟೆ ಕುಡಿದ ಹಾಗೆ, ತೊಟ್ಟಿಗೆ ಮೂತಿ ಇಟ್ಟರೆ ತೆಗೆಯುವಂತಿಲ್ಲ. ರೊಟ್ಟಿ ಮೂಸಿ ಬಿಟ್ಟಳು. ಮೊಲದ ಈಲಿ ಕೊಟ್ಟರೂ ಮುಟ್ಟಲಿಲ್ಲ. ಹೊಟ್ಟೆ ಮಾತ್ರ ದಿನದಿನಕ್ಕೆ ದುಂಡಗಾಗುತ್ತಾ ಬಂತು. ಪಕ್ಕೆಲುಬು ಎಣಿಸಬಹುದಾದ ಸ್ಲೂಗಿಯ ಮೈಗೆ ಹೊಟ್ಟೆ ಬಂದರೆ ಮುಚ್ಚಿಡಲಾಗುವುದಿಲ್ಲ. ಕರಿಯ ಯಾವ ಗಳಿಗೆಯಲ್ಲೋ ಒಳಗೆ ಬಂದಿದ್ದಾನೆ, ಇದು ಗಬ್ಬವೇ ಎಂದು ಹನೀಯಾ ತೀರ್ಮಾನಿಸಿದಳು. ಶೀಹಾಳ ಮೇಲೆ ಕಂಬಳಿ ಹಾಕಿ, ಒಳಕೋಣೆಯಿಂದ ಹೊರಗೆ ಬಿಡಲಿಲ್ಲ. ಹೀಗೆ ಆರು ದಿನ. ಆರು ದಿನವೂ ಅವಳು ಯೋಚಿಸುತ್ತಿದ್ದುದು ಒಂದೇ: ಬೆಲ್ಗಾಸಿಂ ಬರುವುದರೊಳಗೆ ಮರಿಗಳನ್ನು ಎಲ್ಲಿ ಸಾಗಿಸುವುದು?

ಏಳನೆಯ ದಿನ ಸಾದಿಯಾ ಬೆಂಕಿ ಕೇಳುವ ನೆಪದಲ್ಲಿ ಒಳಗೇ ಬಂದಳು. ಕಂಬಳಿ ಎತ್ತಿ ನೋಡಿದಳು. ಕೊಂಕು ಮಾತು ಬಾಯಿಗೆ ಬಂದದ್ದು ಅಲ್ಲೇ ನಿಂತುಹೋಯಿತು.

"ಅತ್ತಿಗೆ, ಇದು ಬಸಿರಲ್ಲ."

"ಮತ್ತೇನು?"

"ನಿನಗೆ ನಾನು ಹೇಳ್ಕೊಡ್ಬೇಕಾ? ಬಸುರಿ ಕಣ್ಣು ಹೀಗಿರುತ್ತಾ? ಒಸಡು ನೋಡು, ಸುಣ್ಣ ಬಳಿದ ಹಾಗಿದೆ. ಮೈ ಸುಡ್ತಾ ಇದೆ. ಏನ್ ಮಾಡಿದೀಯ ಇದಕ್ಕೆ?"

ಹನೀಯಾ ಶೀಹಾಳ ಪಕ್ಕ ಕೂತಳು. ನಲವತ್ತು ವರ್ಷ ಗಬ್ಬ ಮುಟ್ಟಿ ನೋಡಿದ ಕೈ ಅವಳದು. ಆರು ದಿನ ಆ ಕೈಯಿಂದ ಶೀಹಾಳ ಹೊಟ್ಟೆ ಒತ್ತಿ ನೋಡಿರಲಿಲ್ಲ. ಹೆದರಿ ಮುಟ್ಟಿರಲಿಲ್ಲ. ಈಗ ಮುಟ್ಟಿದಳು. ಒಳಗೆ ಮರಿಗಳ ಮಣಿಸರವಿರಲಿಲ್ಲ. ನೀರು ತುಂಬಿದ ತೊಗಲುಚೀಲದ ಹಾಗೆ ಏನೋ ಆಚೀಚೆ ಜಾರಿತು.

ಡಾಕ್ಟರಮ್ಮ ಇದ್ದದ್ದು ದೂಝ್‌ನ ಹೊರವಲಯದಲ್ಲಿ, ಖರ್ಜೂರದ ಗೋದಾಮಿನ ಪಕ್ಕದ ಎರಡು ಕೋಣೆಯಲ್ಲಿ. ಸಾದಿಯಾ ತಾನೇ ಓಡಿಹೋಗಿ ಗಾಡಿ ತಂದಳು, ತಾನೇ ಶೀಹಾಳ ಹಿಂಗಾಲು ಹಿಡಿದು ಎತ್ತಿದಳು. ಡಾಕ್ಟರಮ್ಮ ಹೊಟ್ಟೆ ಮುಟ್ಟಿದವಳೇ ಹನೀಯಾಳ ಮುಖ ನೋಡಿದಳು.

"ಖಾಲಾ, ಗರ್ಭಕೋಶದ ತುಂಬ ಕೀವು. ಹೊರಗೆ ಬರೋಕೆ ದಾರಿ ಇಲ್ಲ. ಇವತ್ತೇ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದುಹಾಕ್ಬೇಕು. ತೆಗೆದ್ರೆ ಉಳೀಬಹುದು. ಇಲ್ಲಾಂದ್ರೆ ಎರಡು ದಿನ."

"ತೆಗೆದ್ರೆ ಮರಿ?"

"ಮರಿ ಇನ್ನಿಲ್ಲ ಖಾಲಾ. ಯಾವತ್ತಿಗೂ."

ಸಾದಿಯಾ ಅತ್ತಿಗೆಯ ತೋಳು ಹಿಡಿದಳು. "ಅಣ್ಣ ಬರ್ಲಿ ಅತ್ತಿಗೆ. ವಂಶದ ವಿಷಯ. ಅವನನ್ನ ಕೇಳದೆ..."

"ಅವರು ಬರೋದು ಯಾವಾಗಲೋ." ಹನೀಯಾ ಶೀಹಾಳ ಕಿವಿಯನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದಳು, ಮರಿಯಾಗಿದ್ದಾಗ ಮಾಡುತ್ತಿದ್ದ ಹಾಗೆ. "ತೆಗಿ ಮಗಳೇ," ಎಂದಳು.

ಹೊರಗೆ ಖರ್ಜೂರದ ಪೆಟ್ಟಿಗೆಯ ಮೇಲೆ ಇಬ್ಬರೂ ಕೂತರು. ಇಳಿಮಧ್ಯಾಹ್ನದ ಅಸರ್ ನಮಾಜಿನ ಕೂಗು ಬಂತು, ಹೋಯಿತು. ಡಾಕ್ಟರಮ್ಮ ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಬಕೀಟು. ಮೇಲೆ ಬಟ್ಟೆ ಮುಚ್ಚಿತ್ತು. ಅದರ ಭಾರಕ್ಕೆ ಅವಳ ಒಂದು ಭುಜ ತಗ್ಗಿತ್ತು.

"ಉಸಿರಿದೆ. ನೋಡೋಣ," ಎಂದಳು. ಆಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು, "ಆ ದಿನ ರಕ್ತ ಶುರುವಾಗಿತ್ತು ಅಲ್ವಾ ಖಾಲಾ?"

ಹನೀಯಾ ಎದೆಯ ಬಟ್ಟೆಯೊಳಗಿಂದ ಕೆಂಪು ದಾರ ತೆಗೆದು ಅವಳ ಅಂಗೈಗೆ ಇಟ್ಟಳು. ಡಾಕ್ಟರಮ್ಮನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಬೆರಳಿನಿಂದ ಒಂದೊಂದೇ ಗಂಟು ಸರಿಸಿದಳು.

"ಹದಿಮೂರು," ಎಂದಳು ಹನೀಯಾ. "ಕೊನೇದು ಸಂತೆ ದಿನದ್ದು."

"ಇಷ್ಟು ಸರಿಯಾಗಿ ಲೆಕ್ಕ ಇಟ್ಟಿದ್ರಲ್ಲ! ನನಗೆ ಯಾಕೆ ಹೇಳ್ಲಿಲ್ಲ?"

"ಅಮ್ಮಾರ್ ನಿಂತಿದ್ದ."

ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ. ಸಾದಿಯಾ ನೆಲ ನೋಡುತ್ತಾ ನಮ್ಮ ಪದ್ಧತಿಯನ್ನು ನಾಲ್ಕು ಮಾತಲ್ಲಿ ಹೇಳಿದಳು. ಡಾಕ್ಟರಮ್ಮ ದಾರವನ್ನು ಹನೀಯಾಳ ಕೈಗೆ ಮರಳಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಹನೀಯಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

"ಹೆಣ್ಣಿನ ಮೈಲಿ ಎರಡು ಹಾರ್ಮೋನು ಒಂದರ ಹಿಂದೆ ಒಂದು ಕೆಲಸ ಮಾಡ್ತವೆ ಖಾಲಾ," ಎಂದಳು ಡಾಕ್ಟರಮ್ಮ. "ಮೊದಲನೇದು ಬಾಗಿಲು ತೆಗೆಯುತ್ತೆ. ರಕ್ತ ಬರೋದು, ಊದೋದು ಎಲ್ಲ ಅದರಿಂದ. ಅದು ಇಳಿಯೋ ಹೊತ್ತಿಗೆ ಎರಡನೇದು ಏರುತ್ತೆ. ಅದು ಬಾಗಿಲು ಹಾಕಿ ಒಳಗೆ ಹಾಸಿಗೆ ಹಾಸುತ್ತೆ. ಮರಿ ಇದ್ರೂ ಇಲ್ದಿದ್ರೂ ಎರಡು ತಿಂಗಳು."

"ಅದು ನನಗೆ ಗೊತ್ತು," ಎಂದಳು ಹನೀಯಾ. ಹಾರ್ಮೋನು ಎಂಬ ಮಾತನ್ನು ಅವಳು ಕೇಳಿರಲಿಲ್ಲ, ಆದರೆ ಅದು ಅವಳಿಗೆ ಗೊತ್ತಿತ್ತು.

"ನನ್ನ ಸೂಜೀಲಿ ಇದ್ದದ್ದು ಆ ಎರಡನೇದರ ಥರದ್ದೇ. ಬಾಗಿಲು ತೆರೆದಿದ್ದಾಗ ಹೊರಗಿನ ಕೊಳೆ ಸ್ವಲ್ಪ ಒಳಗೆ ಹೋಗಿತ್ತು. ಅದರ ಮೇಲೆ ನಾನು ಬೀಗ ಜಡಿದುಬಿಟ್ಟೆ. ಇನ್ನೂ ಸರಿಯಾಗಿ ನೋಡ್ಬೇಕಿತ್ತು. ಊದಿದೆ ಅಂತ ಕಣ್ಣಿಗೆ ಬಿದ್ದಿತ್ತು ನನಗೆ."

"ನೀನು ಕೇಳಿದ್ದೆ ಮಗಳೇ," ಎಂದಳು ಹನೀಯಾ. ಅಷ್ಟೇ.

ಶೀಹಾ ಉಳಿದಳು. ಮೂರನೆಯ ದಿನ ಒಂಟೆಹಾಲು ನೆಕ್ಕಿದಳು, ಐದನೆಯ ದಿನ ಎದ್ದು ನಿಂತಳು. ಹೊಟ್ಟೆಯಡಿ ಗೇಣುದ್ದ ಹೊಲಿಗೆ. ಹನ್ನೊಂದನೆಯ ದಿನ ಬೆಲ್ಗಾಸಿಂ ಬಂದ.

ಅಂಗಳಕ್ಕೆ ಕಾಲಿಟ್ಟವನು ಮೊದಲು ನೋಡಿದ್ದು ಆ ಹೊಲಿಗೆಯನ್ನು. ಸಾಮಾನು ಇಳಿಸಲಿಲ್ಲ, ಚಹಾ ಕೇಳಲಿಲ್ಲ. ಹನೀಯಾ ಎಲ್ಲವನ್ನೂ ಹೇಳಿದಳು, ಖರ್ಜೂರ ವಾಪಸ್ಸು ಬಂದದ್ದರಿಂದ ಹಿಡಿದು. ಬೆಲ್ಗಾಸಿಂ ಕೇಳಿದ್ದು ಎರಡೇ ಪ್ರಶ್ನೆ.

"ಸೂಜಿ ಹಾಕಿದಾಗ ಎಷ್ಟು ದಿನ ಆಗಿತ್ತು?"

"ಹದಿಮೂರು."

ಅವನು ಕಣ್ಣು ಮುಚ್ಚಿದ. ಹದಿಮೂರು ಅಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಸೂಜಿಗೆ ಯಾಕೆ ಹೋದೆ? ಬಾಗಿಲು ಹಾಕ್ಕೊಂಡು ಇನ್ನೊಂದು ವಾರ ಕೂತಿದ್ರೆ ಆಗ್ತಿರ್ಲಿಲ್ವಾ?"

"ನಿಮಗೆ ಹೆದರಿ."

ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಅವಳು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಬೆಲ್ಗಾಸಿಂ ಗೂಟದ ಹತ್ತಿರ ಹೋಗಿ ನಜ್ಮಾಳ ಹಗ್ಗ ತೆಗೆದ. ಹನೀಯಾ ಶೀಹಾಳಿಗೆ ಅಡ್ಡ ನಿಂತಳು. ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡು ಒಬ್ಬನೇ ಹೊರಗೆ ಹೋದ, ಒಬ್ಬನೇ ಬಂದ. ಹಗ್ಗ ಬರಲಿಲ್ಲ. ಊರವರು ಬಾವಿಗೆ ಬಿಂದಿಗೆ ಇಳಿಸುವುದಕ್ಕೆ ಆ ಹಗ್ಗ ಬಳಸುತ್ತಿದ್ದುದನ್ನು ಆಮೇಲೆ ಸಾದಿಯಾ ನೋಡಿದಳು.

ಸೂಜಿಯ ಶಕ್ತಿ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ, ಅದು ಇಳಿಯುವಾಗ ಮೈಗೆ ಹೆತ್ತ ಹಾಗೆ ಅನ್ನಿಸಿ ಹಾಲು ಬಂದರೂ ಬರಬಹುದು, ಹಿಂಡಬೇಡಿ, ಹಿಂಡಿದಷ್ಟೂ ಹೆಚ್ಚು ಎಂದು ಡಾಕ್ಟರಮ್ಮ ಹೇಳಿದ್ದಳು. ಗರ್ಭಕೋಶವೇ ಇಲ್ಲದ್ದಕ್ಕೆ ಹಾಲು ಎಲ್ಲಿಂದ ಎಂದು ಸಾದಿಯಾ ನಂಬಿರಲಿಲ್ಲ. ಮಾರ್ಚಿನಲ್ಲಿ ಮರಳಗಾಳಿ ಶುರುವಾದ ವಾರ ಶೀಹಾ ಮಗ್ಗದ ಹಿಂದಿನ ಮೂಲೆ ಕೆದರತೊಡಗಿದಳು. ಮೊಲೆಗಳು ತುಂಬಿ ಇಳಿಬಿದ್ದವು, ಮಲಗಿದ ಜಾಗದಲ್ಲಿ ಬಿಳಿ ಹನಿ. ಬಾಗಿಲ ಬಳಿ ಬಿಟ್ಟಿದ್ದ ಬೆಲ್ಗಾಸಿಂನ ಹಳದಿ ಚರ್ಮದ ಚಪ್ಪಲಿಗಳಲ್ಲಿ ಎಡಗಾಲಿನದನ್ನು ಕಚ್ಚಿಕೊಂಡು ಹೋಗಿ ಹೊಟ್ಟೆಗೆ ಒತ್ತಿಕೊಂಡು ಮಲಗಿದಳು. ನೆಕ್ಕುತ್ತಾಳೆ, ಮೂತಿಯಿಂದ ಮೊಲೆಯ ಕಡೆಗೆ ತಳ್ಳುತ್ತಾಳೆ, ಅದು ಕುಡಿಯದೆ ಇದ್ದುದಕ್ಕೆ ತಲೆ ಎತ್ತಿ ಹನೀಯಾಳನ್ನು ನೋಡುತ್ತಾಳೆ.

ಹನೀಯಾ ಕಂಬಕ್ಕೆ ಒರಗಿ ನೋಡುತ್ತಾ ಕೂತಳು. ಅವಳ ಎದೆ ಬತ್ತಿ ಎಷ್ಟು ಕಾಲವಾಗಿತ್ತು. ಆದರೂ ಎರಡೂ ಕೈ ಅವಳಿಗೆ ಗೊತ್ತಿಲ್ಲದಂತೆ ಎದೆಯ ಮೇಲೆ ಹೋಗಿದ್ದವು. ಅವಳ ಹಾಲಿಗೆ ಅತ್ತೆ ಒಂದು ಮರಿ ತಂದು ಕೊಟ್ಟಿದ್ದಳು. ಇವಳಿಗೆ ತಂದುಕೊಡಲು ಬಿರ್ ತಲ್ಹಾದಲ್ಲಿ ಯಾವ ಮರಿಯೂ ಇರಲಿಲ್ಲ. ಜೇಡಿಮಣ್ಣು ಕಲಸಿ ತಂದು ಮೊಲೆಗಳಿಗೆ ತಣ್ಣಗೆ ಮೆತ್ತಿದಳು.

ಬೆಲ್ಗಾಸಿಂ ಮಸೀದಿಗೆ ಹೊರಟವನು ಚಪ್ಪಲಿ ಹುಡುಕಿದ. ಮಗ್ಗದ ಹಿಂದೆ ಬಗ್ಗಿ ನೋಡಿದ. ಹನೀಯಾ ಏಳಹೋದಳು.

"ತೆಗೆದುಕೊಡ್ತೀನಿ ತಾಳಿ."

"ಬೇಡ, ಬಿಡು."

ಬಲಗಾಲಿಗೆ ತನ್ನ ಹಳದಿ ಚಪ್ಪಲಿ, ಎಡಗಾಲಿಗೆ ಹನೀಯಾಳ ನೀಲಿ ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಿರ್ ತಲ್ಹಾದಲ್ಲಿ ತಲೆಗೆ ಸುತ್ತಿದ ಬಟ್ಟೆಯ ಮಡಿಕೆ ಸಹ ಓರೆಯಾಗಿ ಕಾಣಿಸಿಕೊಳ್ಳದ ಮನುಷ್ಯ ಅವನು. ಮಸೀದಿಯ ಮೆಟ್ಟಿಲಲ್ಲಿ ಅಮ್ಮಾರ್ ಕೂತಿದ್ದ.

"ಏನು ಬೆಲ್ಗಾಸಿಂ, ಇನ್ನೊಂದು ಕಾಲನ್ನ ಒಂಟೆ ಜೊತೆ ತೆಂಕಣದಲ್ಲೇ ಬಿಟ್ಟು ಬಂದ್ಯಾ?"

"ಮನೇಲಿ ಬಾಣಂತನ ನಡೀತಾ ಇದೆ," ಎಂದ ಬೆಲ್ಗಾಸಿಂ.

ಅಮ್ಮಾರ್ ನಗಲು ಬಾಯಿ ತೆರೆದವನು ಅವನ ಮುಖ ನೋಡಿ ಸ್ವಲ್ಪ ಸರಿದು ಮೆಟ್ಟಿಲಲ್ಲಿ ಜಾಗ ಮಾಡಿಕೊಟ್ಟ.

ಹತ್ತೊಂಬತ್ತು ದಿನ ಬೆಲ್ಗಾಸಿಂ ಹಾಗೇ ಓಡಾಡಿದ. ಇಪ್ಪತ್ತನೆಯ ಬೆಳಿಗ್ಗೆ ಶೀಹಾ ಮೂಲೆಯಿಂದ ಎದ್ದು, ಮೈ ಮುರಿದು, ಅಂಗಳದ ಬಿಸಿಲಿಗೆ ಬಂದು ಮಲಗಿದಳು. ಹಿಂತಿರುಗಿ ನೋಡಲಿಲ್ಲ. ಹಾಲು ಬತ್ತಿತ್ತು. ಹನೀಯಾ ಚಪ್ಪಲಿಯನ್ನು ಎತ್ತಿ ನೋಡಿದಳು. ನೆಕ್ಕಿ ನೆಕ್ಕಿ ಹಳದಿ ಬಣ್ಣವೆಲ್ಲ ಹೋಗಿ, ಚರ್ಮ ಒಣಗಿ, ಪುಟ್ಟದಾಗಿ ಮುದುಡಿಕೊಂಡಿತ್ತು.

"ಎಣ್ಣೆ ಹಚ್ಚಿ ಮೆತ್ತಗೆ ಮಾಡ್ಕೊಡ್ಲಾ?"

"ಅಲ್ಲೇ ಇರ್ಲಿ," ಎಂದ ಬೆಲ್ಗಾಸಿಂ. "ಮತ್ತೆ ಕೇಳಿದ್ರೆ?"

ಹನೀಯಾ ಅದನ್ನು ಮಗ್ಗದ ಹಿಂದೆ, ಕೆಂಪು ದಾರ ತೂಗುವ ಮೊಳೆಯ ಕೆಳಗೆ ಇಟ್ಟಳು. ಶೀಹಾ ಆಮೇಲೆ ಒಂಬತ್ತು ವರ್ಷ ಬದುಕಿದಳು, ಎಷ್ಟೋ ಮೊಲ ಹಿಡಿದಳು, ಮೂತಿ ಪೂರಾ ನರೆತು ಹನೀಯಾಳ ಚಾಪೆಯ ಮೇಲೇ ಹೋದಳು. ಚಪ್ಪಲಿಯನ್ನು ಮತ್ತೆ ಕೇಳಲಿಲ್ಲ.